ಐದು ಪ್ರಶ್ನೆ, ನಾಲ್ಕು ಗೊನೆ

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲವಾದ್ದರಿಂದ ಹೇಳುತ್ತೇನೆ: ನಾನು ತರಬೇತಿ ಪಡೆದ ಹೆಂಗಸು! ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ಅಧೀಕ್ಷಕಿ. ಹೋದ ವರ್ಷ ನಮ್ಮನ್ನೆಲ್ಲ ಎರಡು ದಿನ ಒಂದು ಸಭಾಂಗಣದಲ್ಲಿ ಕೂರಿಸಿ ಯೋಜನೆ ರೂಪಿಸುವುದು ಹೇಗೆ ಎಂದು ಕಲಿಸಿದರು. ಕಲಿಸಲು ಬಂದ ಹುಡುಗಿಗೆ ನನ್ನ ಮಗಳ ವಯಸ್ಸು. ಆದರೂ ಆಕೆ ಮಾತಾಡುತ್ತಿದ್ದರೆ ಕೊನೆಯ ಸಾಲಿನವರು ಕೂಡ ಮೊಬೈಲ್ ಕೆಳಗಿಟ್ಟಿದ್ದರು.

ಸೇತುವೆ ಕಟ್ಟುವುದಿರಲಿ, ಚಹಾ ಮಾಡುವುದಿರಲಿ, ಶುರು ಮಾಡುವ ಮುಂಚೆ ಐದು ಸರಳ ಪ್ರಶ್ನೆ ಕೇಳಿಕೊಳ್ಳಬೇಕಂತೆ. ಏನು? ಯಾಕೆ? ಯಾರು? ಎಲ್ಲಿ? ಯಾವಾಗ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ನಾನು ಐದನ್ನೂ ದೊಡ್ಡಕ್ಷರದಲ್ಲಿ ಬರೆದುಕೊಂಡೆ. ಎರಡನೇ ದಿನದ ಕೊನೆಯಲ್ಲಿ ಆಕೆ ಇನ್ನೊಂದು ಮುಖ್ಯವಾದ ಮಾತು ಹೇಳಿದಳಂತೆ. ಅದು ನನಗೆ ಗೊತ್ತಿಲ್ಲ. ಅಷ್ಟೊತ್ತಿಗೆ ನಾನು ಊಟದ ಸಾಲಿನಲ್ಲಿದ್ದೆ. ಅವತ್ತು ಜಿಲೇಬಿ ಇತ್ತು.

ಮನೆಗೆ ಬಂದ ದಿನವೇ ವಿದ್ಯೆಯನ್ನು ಬಳಕೆಗೆ ತಂದೆ. ನಮ್ಮ ಯಜಮಾನರು ನಿವೃತ್ತ ಚಿತ್ರಕಲಾ ಮಾಸ್ತರರು, ಮಾತು ಕಡಿಮೆ. ಸಂಜೆ ಚಹಾ ಕೇಳಿದರು. ಯಾಕೆ ಎಂದು ಕೇಳಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು, ಎದ್ದು ಹೋಗಿ ತಾವೇ ಮಾಡಿಕೊಂಡರು. ನನಗೂ ಅರ್ಧ ಲೋಟ ತಂದರು. ಒಂದೇ ಪ್ರಶ್ನೆಗೆ ಇಷ್ಟು ಫಲ ಸಿಕ್ಕರೆ ಐದಕ್ಕೆ ಎಷ್ಟು ಸಿಗಬಹುದು ಎಂದು ಹಿಗ್ಗಿದೆ.

ಅದೇ ವಾರ ಮಗಳ ಫೋನು ಬಂತು. ನಮಗೆ ಶ್ರೀದೇವಿ ಒಬ್ಬಳೇ ಮಗಳು. ಕೊಟ್ಟದ್ದು ಇದೇ ಊರಿನ ಸ್ಟೇಶನ್ ಬಜಾರ ಕಡೆ. ಚೊಚ್ಚಲ ಬಸುರಿ, ಏಳನೇ ತಿಂಗಳು. ಎಲ್ಲರಿಗೂ ಮೂರು ತಿಂಗಳಿಗೆ ನಿಲ್ಲುವ ವಾಂತಿ ಇವಳಿಗೆ ನಿಂತಿರಲಿಲ್ಲ. ಡಾಕ್ಟರು ಹೆದರುವಂಥದ್ದು ಏನಿಲ್ಲ, ಏನಾದರೂ ಹೊಟ್ಟೆಗೆ ಹೋಗಲಿ ಎಂದಿದ್ದರು. ಆ ಏನಾದರೂ ಯಾವುದು ಎಂಬುದೇ ತಿಳಿಯದೆ ಎರಡೂ ಮನೆಯವರು ದಿನಕ್ಕೊಂದು ಅಡಿಗೆ ಮಾಡಿ ಸೋತಿದ್ದೆವು. ಕೇಳಿದಾಗೆಲ್ಲ ಏನೂ ಬ್ಯಾಡ ಎನ್ನುತ್ತಿದ್ದ ಹುಡುಗಿ ಅವತ್ತು ತಾನಾಗಿ ಹೇಳಿದಳು.

"ಅವ್ವಾ, ಕಮಲಾಪುರದ ಕೆಂಪ ಬಾಳಿಹಣ್ಣ ತಿನ್ನಬೇಕು ಅನಸ್ತದ."

ಐದು ತಿಂಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಪದಾರ್ಥ! ನನಗೆ ಕಣ್ಣಲ್ಲಿ ನೀರು ಬಂತು. ಬರುವ ರವಿವಾರ ನಮ್ಮ ಮನೆಯಲ್ಲೇ ಅವಳ ಕುಬಸ ಇತ್ತು. ಹಸಿರು ಸೀರೆ ಉಡಿಸಿ, ಐದು ಥರದ ಹಣ್ಣಿನಿಂದ ಉಡಿ ತುಂಬಿ, ಆರತಿ ಮಾಡಿ, ಬಾಣಂತನಕ್ಕೆಂದು ಮಗಳನ್ನು ತವರಿನಲ್ಲೇ ಉಳಿಸಿಕೊಳ್ಳುವ ಕಾರ್ಯ. ಉಡಿಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣೇ ಇರಬೇಕು, ಬಂದವರ ತಾಟಿನಲ್ಲೂ ಅದೇ ಇರಬೇಕು ಎಂದು ಅವತ್ತೇ ಠರಾಯಿಸಿದೆ.

ಈ ಸಲ ಎಡವಟ್ಟು ಆಗಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿತ್ತು. ಅವಳ ಲಗ್ನದ ದಿನ ನಾನು ಎಷ್ಟು ವ್ಯವಸ್ಥಿತವಾಗಿದ್ದೆನೆಂದರೆ, ಅಕ್ಷತೆ ಬೀಳುವ ಹೊತ್ತಿಗೆ ಉಗ್ರಾಣದಲ್ಲಿ ಬಾಡಿಗೆಗೆ ತಂದ ನೀರಿನ ಚರಿಗೆಗಳನ್ನು ಎಣಿಸುತ್ತಿದ್ದೆ. ಎರಡು ಕಡಿಮೆ ಬಂದಿದ್ದವು. ಅವು ಸಿಕ್ಕವು, ಅಕ್ಷತೆ ಸಿಗಲಿಲ್ಲ. ಲಗ್ನದ ವಿಡಿಯೋದಲ್ಲಿ ಆ ಗಳಿಗೆಯಲ್ಲಿ ಅಡಿಗೆಯವನೂ ಕಾಣುತ್ತಾನೆ, ನಾನಿಲ್ಲ. ಶ್ರೀದೇವಿ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಹಗುರ ಆಗುತ್ತಿತ್ತು.

ಹೊಸ ಹಳದಿ ಫೈಲು ತೆರೆದೆ. ಏನು? ಕೆಂಪು ಬಾಳೆ, ನಾಲ್ಕು ಗೊನೆ. ಯಾಕೆ? ಮಗಳ ಬಯಕೆ. ಎಲ್ಲಿ? ಕಮಲಾಪುರ, ನೇರವಾಗಿ ತೋಟದಿಂದ. ಯಾವಾಗ? ಶುಕ್ರವಾರ, ಬೆಳಗಿನ ಬಸ್ಸು. ಯಾರು? ಈ ಪ್ರಶ್ನೆಗೆ ಒಂದು ಇಡೀ ಹಾಳೆ ಹಿಡಿಯಿತು. ರಂಗೋಲಿ ಯಾರು, ನೀರು ಯಾರು, ಬಾಗಿಲಲ್ಲಿ ನಿಂತು ಬರ್ರಿ ಬರ್ರಿ ಎನ್ನುವವರು ಯಾರು, ಚಪ್ಪಲಿ ನೋಡಿಕೊಳ್ಳುವವರು ಯಾರು, ಎಲ್ಲ ಬರೆದೆ. ಯಜಮಾನರ ಹೆಸರು ಒಂಬತ್ತು ಕಡೆ ಬಂತು. ನನ್ನ ಹೆಸರಿನ ಮುಂದೆ 'ಒಟ್ಟಾರೆ ಮೇಲುಸ್ತುವಾರಿ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಶುಕ್ರವಾರ ರಜೆ ಹಾಕಿ ಇಬ್ಬರೂ ಕಮಲಾಪುರಕ್ಕೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ ಶರಣಪ್ಪ ಎಂಬ ರೈತರ ತೋಟ ಹುಡುಕಿದೆವು. ಅರವತ್ತರ ಸುಮಾರಿನ ಮನುಷ್ಯ, ತಲೆಗೆ ಟವೆಲು. ಬಾಳೆಗಿಡದಷ್ಟೇ ನಿಧಾನ. ನಾವು ನೀರು ಕುಡಿಯುವ ಮೊದಲೇ ನಾನು ಫೈಲು ತೆರೆದೆ. ನೋಡಿ ಅವರು ಟವೆಲು ತೆಗೆದು ಸರಿಯಾಗಿ ನಿಂತರು. ಸರಕಾರಿ ಸರ್ವೆಗೆ ಬಂದಿದ್ದಾರೆ ಎಂದುಕೊಂಡಿರಬೇಕು.

ಹೆಸರೇನು, ಗಿಡ ಎಷ್ಟು, ನೀರು ಎಲ್ಲಿಂದ, ಗೊಬ್ಬರ ಯಾವುದು, ಎಲ್ಲ ಕೇಳಿ ಬರೆದುಕೊಂಡೆ. ಪಾಪ, ಎಲ್ಲದಕ್ಕೂ ಹೇಳಿದರು. ಆಮೇಲೆ ನಾಲ್ಕು ಗೊನೆ ಬೇಕೆಂದೆ. ಶರಣಪ್ಪ ಮನೆಯ ಕಡೆ ಕೈ ತೋರಿಸಿದರು.

"ಒಳಗ ಬರ್ರಿ ಬಾಯಾರ. ಕ್ವಾಣ್ಯಾಗ ಗೊನಿ ಇಟ್ಟೀನಿ, ಅವನ್ನ ನೋಡ್ರಿ."

ಇಪ್ಪತ್ತೆಂಟು ವರ್ಷ ಸರಕಾರಿ ಖರೀದಿ ನೋಡಿದವಳು ನಾನು. ಒಳಗಿಟ್ಟ ಹಳೇ ಮಾಲು ದಾಟಿಸುವ ಉಪಾಯ ನನಗೆ ಗೊತ್ತಾಗುವುದಿಲ್ಲವೇ! ಕೋಣೆಯದು ಬೇಡ, ನನ್ನ ಕಣ್ಣೆದುರಿಗೆ ಗಿಡದಿಂದ ಕಡಿದ ತಾಜಾ ಗೊನೆಯೇ ಬೇಕು ಎಂದು ಖಡಾಖಂಡಿತವಾಗಿ ಹೇಳಿದೆ. ಶರಣಪ್ಪ ತಲೆ ಕೆರೆದುಕೊಂಡರು.

"ಅಲ್ರಿ ಬಾಯಾರ, ಇವನ್ನ ತಿನ್ನೋದು ಯಾವಾಗ ಅದ?"

"ಪ್ರಶ್ನೆ ನಾ ಕೇಳ್ತೀನ್ರಿ. ನೀವು ಉತ್ತರ ಹೇಳಿದ್ರ ಸಾಕು."

ಅವರು ಹೂಂ ಎಂದು ಕುಡುಗೋಲು ತಗೊಂಡು ಹೋದರು. ನಾಲ್ಕು ಗೊನೆ ಬಂದವು. ಒಂದೊಂದೂ ನಮ್ಮ ಮೊಣಕಾಲಿಗಿಂತ ಎತ್ತರ, ಕೆಂಪೆಂದರೆ ಕೆಂಪು. ನನ್ನ ಎದೆ ತುಂಬಿ ಬಂತು. ಯಜಮಾನರು ಮಾತ್ರ ಒಂದು ಕಾಯಿಯನ್ನು ಬಿಸಿಲಿಗೆ ಹಿಡಿದು ಹೊರಳಿಸಿ ನೋಡುತ್ತಿದ್ದರು.

"ಇದು ಹಣ್ಣಿನ ಕೆಂಪಲ್ಲ ನೋಡು. ಹಣ್ಣಿನ ಕೆಂಪಿನ್ಯಾಗ ಒಂಚೂರು ಹಳದಿ ಇರ್ತದ. ಇದರಾಗ ಬರೀ ಕಂದು ಅದ."

ಮೂವತ್ತು ವರ್ಷ ಬಣ್ಣ ಕಲಸಿದವರಿಗೆ ಎಲ್ಲ ಕಡೆ ಬಣ್ಣವೇ ಕಾಣುತ್ತದೆ, ನನಗೆ ಯೋಜನೆ ಕಾಣುತ್ತದೆ ಎಂದು ಸಮಾಧಾನವಾಗಿ ತಿಳಿಸಿದೆ. ಬಾಳೆ ಕಾಯಿಯಾಗಿದ್ದಾಗ ಹಸಿರು ಇರುತ್ತದೆ, ಇದು ಕೆಂಪಾಗಿದೆ, ಅಂದಮೇಲೆ ಹಣ್ಣಾಗಿದೆ. ಇದರಲ್ಲಿ ಚರ್ಚೆಗೆ ಜಾಗ ಎಲ್ಲಿದೆ? ನಾನು ಹುಟ್ಟಿದ್ದು ವಿಜಾಪುರದ ಕಡೆ. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಕೆಂಪು ಬಾಳೆಯನ್ನು ತಳ್ಳುಗಾಡಿಯಲ್ಲಿ ನೋಡಿದ್ದೆ, ತಾಟಿನಲ್ಲಿ ನೋಡಿದ್ದೆ. ಗಿಡದಲ್ಲಿ ನೋಡಿರಲಿಲ್ಲ. ಈ ಬಾಳೆ ಹುಟ್ಟುವುದೇ ಕೆಂಪಾಗಿ ಎಂಬ ಸಂಗತಿಯನ್ನು ನನಗೆ ಯಾವ ಸುತ್ತೋಲೆಯೂ ತಿಳಿಸಿರಲಿಲ್ಲ.

ಗೊನೆಗಳನ್ನು ಬಾಡಿಗೆಯ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದೆವು. ದಾರಿಯುದ್ದಕ್ಕೂ ತಗ್ಗು, ಕುಣಿದು ಕುಣಿದು ನಮ್ಮ ಸೊಂಟ ಕಳಚಿದ ಹಾಗಾಯಿತು. ಆದರೆ ಜಗತ್ ಸರ್ಕಲ್ ಹಿಂದಿನ ನಮ್ಮ ಓಣಿಗೆ ಬಂದು ಇಳಿಸಿ ನೋಡಿದರೆ, ಒಂದು ಹಣ್ಣಿಗೂ ಪೆಟ್ಟು ಬಿದ್ದಿರಲಿಲ್ಲ. ಒಂದಕ್ಕೂ! ಇದನ್ನೇ ಯೋಜನೆ ಎನ್ನುವುದು ಎಂದು ಯಜಮಾನರಿಗೆ ಹೇಳಿದೆ. ಅವರು ಸೊಂಟ ಹಿಡಿದುಕೊಂಡು ಒಳಗೆ ಹೋದರು.

ಶನಿವಾರ ಬೆಳಿಗ್ಗೆ ರುಚಿ ನೋಡೋಣ ಎಂದು ಒಂದನ್ನು ಕಿತ್ತೆ. ಸಿಪ್ಪೆ ಸುಲಿಯಲು ಬರಲಿಲ್ಲ. ಉಗುರು ಹಾಕಿದೆ, ಉಗುರು ಹೋಯಿತು. ಚಾಕು ತಂದು ಕೊಯ್ದರೆ ಒಳಗೆ ಸೀಮೆಸುಣ್ಣದ ಹಾಗೆ ಬೆಳ್ಳಗೆ, ಗಟ್ಟಿಗೆ ಇತ್ತು. ನಾಲಿಗೆಗೆ ಮುಟ್ಟಿಸಿದೆ. ಬಾಯಿ ಒಗರಾಗಿ ಅರ್ಧ ತಾಸು ಮಾತು ಹೊರಡಲಿಲ್ಲ. ಆ ಅರ್ಧ ತಾಸು ಮನೆ ಬಹಳ ಶಾಂತವಾಗಿತ್ತೆಂದು ಯಜಮಾನರು ಆಮೇಲೆ ಬಂದವರಿಗೆಲ್ಲ ಹೇಳಿದರು.

ಈಗಲೇ ಬಸ್ ಹತ್ತಿ ಕಮಲಾಪುರಕ್ಕೆ ಹೋಗಿ ಬರುತ್ತೇನೆ ಎಂದರು ಅವರು. ಫೈಲು ನೋಡಿದೆ. ಶನಿವಾರದ ಹಾಳೆಯಲ್ಲಿ ಅವರ ಹೆಸರು ಐದು ಕಡೆ ಇತ್ತು, ಬಿಡುವಿರಲಿಲ್ಲ. ಶರಣಪ್ಪನವರಿಗೆ ಫೋನು ಮಾಡೋಣವೆಂದರೆ ಗೊಬ್ಬರದ ಹೆಸರು ಬರೆದುಕೊಂಡವಳು ನಂಬರು ಬರೆದುಕೊಂಡಿರಲಿಲ್ಲ. ಹಾಳೆಯ ಪ್ರಕಾರ ಬಜಾರಕ್ಕೆ ಹೋದ ಯಜಮಾನರು ಅವತ್ತು ಕೆಂಪು ಬಾಳೆ ಬಂದಿಲ್ಲವೆಂದು ಒಂದು ಡಜನ್ ಹಳದಿ ತಂದರು. ಉಳಿದದ್ದು ಒಂದೇ ದಾರಿ. ಇಪ್ಪತ್ತನಾಲ್ಕು ತಾಸಿನಲ್ಲಿ ಕಾಯನ್ನು ಹಣ್ಣು ಮಾಡುವುದು!

ಸುದ್ದಿ ಓಣಿಗೆ ಹರಡಿತು. ಒಬ್ಬರು ಅಕ್ಕಿ ಡಬ್ಬಿಯಲ್ಲಿ ಹುಗಿಯಿರಿ ಎಂದರು, ಇನ್ನೊಬ್ಬರು ಜೋಳದ ಚೀಲ ಎಂದರು, ಮತ್ತೊಬ್ಬರು ಬೇವಿನ ಸೊಪ್ಪು, ಕಂಬಳಿ ಎಂದರು. ಯಾವುದು ಸರಿ ಎಂದು ನಿರ್ಧರಿಸಲಾಗದೆ ನಾನು ಎಲ್ಲವನ್ನೂ ಮಾಡಿದೆ. ಪಕ್ಕದ ಮನೆಯ ಜುಬೇದಾ ಆಪಾ, ತಮ್ಮ ತವರಲ್ಲಿ ಹೊಗೆ ಕೊಟ್ಟು ಹಣ್ಣು ಮಾಡುತ್ತಿದ್ದರು ಎಂದು ನೆನಪು ಮಾಡಿಕೊಂಡು, ಬೇರೇನೂ ಇಲ್ಲವೆಂದು ಧೂಪ ಹಾಕುವ ಲೋಬಾನ ಕೊಟ್ಟರು. ಒಂದು ಚಿಟಿಕೆ ಸಾಕು ಎಂದೂ ಹೇಳಿದರು. ಒಂದು ಚಿಟಿಕೆಗೆ ಒಂದು ಗೊನೆಯಾದರೆ ನಾಲ್ಕಕ್ಕೆ? ಅವಸರದ ಕೆಲಸಕ್ಕೆ ಅದರ ಎರಡರಷ್ಟು? ನಾನು ಗೊನೆಗಳಿದ್ದ ಉಗ್ರಾಣದಲ್ಲಿ ಕೆಂಡದ ಮೇಲೆ ಇಡೀ ಪೊಟ್ಟಣ ಸುರಿದು ಬಾಗಿಲು ಹಾಕಿದೆ.

ಕಾಲು ತಾಸಿನಲ್ಲಿ ಕಿಟಕಿ, ಹೆಂಚಿನ ಸಂದು, ಬಾಗಿಲ ಕೆಳಗಿನ ಬಿರುಕು, ಎಲ್ಲದರಿಂದ ಹೊಗೆ ಎದ್ದಿತು. ಎದುರು ಮನೆಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ನಾನು ಬ್ಯಾಡ್ರಿ ಬ್ಯಾಡ್ರಿ ಎನ್ನುವಷ್ಟರಲ್ಲಿ ಬಾಗಿಲು ತೆಗೆದು ನೀರು ಹೊಯ್ದರು. ಕಂಬಳಿ ತೊಯ್ದಿತು, ಜೋಳ ತೊಯ್ದಿತು, ಲೋಬಾನ ಆರಿತು. ಗೊನೆಗಳು ಮಾತ್ರ ಏನೂ ಆಗದವರ ಹಾಗೆ ಕೆಂಪಗೆ ಕೂತಿದ್ದವು. ಇಡೀ ಮನೆ ದರ್ಗಾದ ಹಾಗೆ ಘಮಘಮ ಎನ್ನುತ್ತಿತ್ತು. ಜುಬೇದಾ ಆಪಾ ಬಂದು ಮೂಗಿಗೆ ಸೆರಗು ಹಿಡಿದು ನನ್ನ ಜೊತೆ ಕೂತು ನೆಲ ಒರೆಸಿದರು.

ರವಿವಾರ ಬೆಳಿಗ್ಗೆ ಶ್ರೀದೇವಿ ಬಂದಳು. ಕೆನ್ನೆಯ ಮೂಳೆ ಕಾಣುತ್ತಿತ್ತು, ಬಳೆ ಮೊಣಕೈವರೆಗೆ ಜಾರುತ್ತಿದ್ದವು. ಬಂದವಳೇ ಹಣ್ಣು ಬಂದಿವೆಯಾ ಎಂದು ಕೇಳಿದಳು. ಬಂದಿವೆ ಎಂದೆ. ಸುಳ್ಳೇನಲ್ಲ. ಬಂದಿದ್ದವು, ಹಣ್ಣಾಗಿರಲಿಲ್ಲ.

ಹೆಂಗಸರು ಸೇರಿದರು. ಬೀಗತಿ ನೀಲಮ್ಮನವರು, ಅಂದರೆ ಶ್ರೀದೇವಿಯ ಅತ್ತೆ, ಎಲ್ಲರಿಗಿಂತ ಮುಂದೆ ಕೂತರು. ಹಸಿರು ಸೀರೆ ಉಡಿಸಿ ಮಗಳನ್ನು ಮಣೆಯ ಮೇಲೆ ಕೂರಿಸಿದ ಹೊತ್ತಿಗೆ ನಾನು ಎಲ್ಲಿದ್ದೆ? ಉಗ್ರಾಣದಲ್ಲಿ. ನಾಲ್ಕು ಗೊನೆಯಲ್ಲಿ ಒಂದಾದರೂ ಮೆತ್ತಗಾಗಿದೆಯೇ ಎಂದು ಒಂದೊಂದೇ ಒತ್ತಿ ನೋಡುತ್ತಿದ್ದೆ. ಮೂರನೇ ಗೊನೆಯ ನಡುವೆ ಇದ್ದಾಗ ಹೊರಗೆ ಆರತಿ ಹಾಡು ಶುರುವಾಗಿದ್ದು ಕೇಳಿಸಿತು. ಇನ್ನೊಂದೇ ಗೊನೆ, ನೋಡಿ ಬಿಡೋಣ ಎಂದುಕೊಂಡೆ. ಹಾಡು ನಡುವೆಯೇ ನಿಂತಿತು.

"ಅವ್ವ ಎಲ್ಲಿ ಅದಾಳ?" ಶ್ರೀದೇವಿಯ ಧ್ವನಿ.

ಯಾರೋ, ಒಳಗ ಏನೋ ಕೆಲಸದಾಗ ಇರಬೇಕು, ನೀನು ಕೂಡು ಎಂದರು.

"ಆಕಿ ಬರೋ ತನಕ ಆರತಿ ಬ್ಯಾಡ್ರಿ. ಲಗ್ನದಾಗೂ ಆಕಿ ಇದ್ದಿಲ್ಲ."

ಐದರಲ್ಲಿ ನಾಲ್ಕನೇ ಪ್ರಶ್ನೆ ಅದು. ಎಲ್ಲಿ? ನಾನು ಗೊನೆಗೆ, ಟಂಟಂಗೆ, ಚಪ್ಪಲಿಗೆ ಕೇಳಿದ್ದೆ. ನನಗೇ ಕೇಳಿಕೊಂಡಿರಲಿಲ್ಲ. ಮಗಳ ಪಕ್ಕ ಕೂಡುವವರು ಯಾರು ಎಂಬ ಸಾಲೇ ಆ ಹಳದಿ ಫೈಲಿನಲ್ಲಿ ಇರಲಿಲ್ಲ. ಹಾಗೇ ಎದ್ದು ಹೊರಗೆ ಬಂದೆ.

ಇಡೀ ಪಡಸಾಲೆ ನನ್ನ ಕಡೆ ಹೊರಳಿತು. ಮೂಗಿಗೆ ಮಸಿ, ತಲೆಯಲ್ಲಿ ಬೇವಿನ ಎಲೆ, ಸೀರೆಗೆ ಜೋಳ. ಕೈಯಲ್ಲಿ ಒಂದು ಬಾಳೆಕಾಯಿ. ಮೊದಲು ನಕ್ಕವಳು ಶ್ರೀದೇವಿ. ಅವಳು ನಕ್ಕದ್ದು ಕೇಳಿ ಎಷ್ಟು ತಿಂಗಳಾಗಿತ್ತೋ! ಆಮೇಲೆ ಯಾರೂ ತಡೆಯಲಿಲ್ಲ. ನಾನು ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ಮಸಿಗೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಆರತಿ ಆಯಿತು, ಉಡಿ ತುಂಬಿದ್ದಾಯಿತು. ಉಡಿಗೆ ಬಿದ್ದ ಕೆಂಪು ಬಾಳೆ ಅಡಿಕೆಗೆ ತಾಗಿ ಟಣ್ ಎಂದಿತು. ನೀಲಮ್ಮನವರು ಒಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದರು.

"ಬೀಗತೀರ, ಇದು ಕಾಯಿ ಅದನೋ, ಕಟಗಿ ಅದನೋ?"

ನನ್ನ ಮುಖ ನೋಡಿ ಶ್ರೀದೇವಿಗೆ ಏನನಿಸಿತೋ, ಆ ಕಾಯಿಯ ತುದಿಯನ್ನು ಕಚ್ಚಿಯೇಬಿಟ್ಟಳು. ಕಣ್ಣು ಮುಚ್ಚಿ, ಮುಖ ಕಿವುಚಿ, ಚಲೋ ಅದ ಎಂದಳು. ಅಷ್ಟು ಚಂದದ ಸುಳ್ಳನ್ನು ನಾನು ಯಾವ ಕಡತದಲ್ಲೂ ಓದಿಲ್ಲ. ಬಂದವರಿಗೆ ಹಳದಿ ಬಾಳೆಹಣ್ಣನ್ನು ಅರ್ಧರ್ಧ ಮಾಡಿ ಕೊಟ್ಟೆವು.

ಸೋಮವಾರ ಬಾಗಿಲು ಬಡಿದದ್ದು ಶರಣಪ್ಪ. ಮಾರ್ಕೆಟ್ಟಿಗೆ ಗೊನೆ ಹಾಕಲು ಬಂದವರು ನಮ್ಮನ್ನು ಬಿಟ್ಟುಹೋದ ಟಂಟಂನವನಿಂದ ನಮ್ಮ ಓಣಿ ಕೇಳಿಕೊಂಡು ಬಂದಿದ್ದರು. ಮೂರು ದಿನದಿಂದ ಮನಸ್ಸಿಗೆ ಸಮಾಧಾನವಿಲ್ಲವಂತೆ.

"ನೀವು ಕೇಳಿದ್ದಕ್ಕೆಲ್ಲ ಹೇಳಿದ್ನಿರಿ ಬಾಯಾರ. ಕೇಳಲಾರದ್ದು ಒಂದು ಉಳೀತು. ಹಣ್ಣಾದ ಗೊನಿ ಕ್ವಾಣ್ಯಾಗ ಇದ್ದವು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಕೋಣೆಯ ಬಾಗಿಲಿಗೂ ನನಗೂ ಎಂಟು ಹೆಜ್ಜೆ ಇತ್ತು! ಈಗಲಾದರೂ ತಂದುಕೊಡಿ ಎಂದರೆ, ಅವು ಶನಿವಾರವೇ ವ್ಯಾಪಾರವಾಗಿದ್ದವು. ಶರಣಪ್ಪ ಉಗ್ರಾಣಕ್ಕೆ ಬಂದು ಮೂಗೇರಿಸಿ ಒಮ್ಮೆ ವಾಸನೆ ನೋಡಿದರು, ಪ್ರಶ್ನೆ ಕೇಳಲಿಲ್ಲ. ದೊಡ್ಡ ಮನುಷ್ಯ. ಒದ್ದೆ ಕಂಬಳಿ, ಸೊಪ್ಪು ಎಲ್ಲ ತೆಗೆಸಿ, ಒಣ ಹುಲ್ಲು ಹಾಸಿ, ಗೊನೆಗಳನ್ನು ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿದರು. ಇನ್ನು ನಾನೇನು ಮಾಡಬೇಕು ಎಂದು ಕೇಳಿದೆ. ಕೇಳಿದ ಮೇಲೆ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತೆ.

"ಎರಡು ದಿನ ಏನೂ ಮಾಡಬ್ಯಾಡ್ರಿ. ಸುಮ್ಮ ಕೂಡ್ರಿ."

ಇಷ್ಟು ಕಷ್ಟದ ಕೆಲಸ ನನಗೆ ಯಾರೂ ಹಚ್ಚಿರಲಿಲ್ಲ. ಮಾಡಿದೆ. ಎರಡು ದಿನ ರಜೆ ಮುಂದುವರಿಸಿ ಮಗಳ ಹತ್ತಿರ ಸುಮ್ಮನೆ ಕೂತೆ. ತಲೆಗೆ ಎಣ್ಣೆ ಹಚ್ಚಿದೆ. ಕೂಸು ಒದ್ದಾಗಲೆಲ್ಲ ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಲಗ್ನದ ದಿನ ಎಲ್ಲಿದ್ದೆ ಎಂದು ಅವಳೇ ಕೇಳಿದಳು, ಚರಿಗೆಯ ಕಥೆ ಹೇಳಿದೆ. ನಕ್ಕಳು, ನನಗೆ ಅಳು ಬಂತು, ಆಮೇಲೆ ನಾನೂ ನಕ್ಕೆ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಹೊಸ ವಾಸನೆ. ಲೋಬಾನದ್ದಲ್ಲ, ಸಿಹಿ ವಾಸನೆ. ಯಜಮಾನರು ಗೋಣಿಚೀಲ ಸರಿಸಿ ನೋಡಿ, ಈಗ ಹಳದಿ ಬಂದದ ನೋಡು ಎಂದರು. ನಾನು ಎದ್ದು ಹೋಗುವಷ್ಟರಲ್ಲಿ ಶ್ರೀದೇವಿ ಅಲ್ಲಿದ್ದಳು. ಒಂದು ತಿಂದಳು. ನಾವಿಬ್ಬರೂ ಅವಳ ಬಾಯಿಯನ್ನೇ ನೋಡುತ್ತಾ ನಿಂತೆವು. ಎರಡನೆಯದು ಸುಲಿದಳು. ಮೂರನೆಯದು ಮುಗಿಸಿ, ಕೈ ಒರೆಸಿಕೊಂಡು, ನಮ್ಮನ್ನು ನೋಡಿ, ಹಿಂಗ ಯಾಕ ನೋಡಾಕತ್ತೀರಿ ಎಂದಳು. ಮಧ್ಯಾಹ್ನದವರೆಗೆ ಕಾದೆವು. ಎಲ್ಲ ಒಳಗೇ ಉಳಿಯಿತು. ಸಂಜೆ ರೊಟ್ಟಿ ಕೇಳಿದಳು.

ನಾಲ್ಕೂ ಗೊನೆ ಒಟ್ಟಿಗೇ ಹಣ್ಣಾಗಿದ್ದವು, ಒಂದೂ ಕಾಯಲು ತಯಾರಿರಲಿಲ್ಲ. ಜುಬೇದಾ ಆಪಾ ಅವರಿಗೆ, ನೀರು ಹೊಯ್ದವರಿಗೆ, ಬೀಗತಿಗೆ, ಇಡೀ ಓಣಿಗೆ ಹಂಚಿದೆವು. ಉಳಿದದ್ದನ್ನು ಕಚೇರಿಗೆ ಒಯ್ದೆ. ಅಲ್ಲಿ ಹಣ್ಣು ತಿನ್ನುತ್ತಾ ನನ್ನ ಕಥೆ ಕೇಳಿದ ಗುಮಾಸ್ತೆಯೊಬ್ಬಳು, ಆ ತರಬೇತಿಯ ಹುಡುಗಿ ಕೊನೆಯಲ್ಲಿ ಹೇಳಿದ ಮಾತು ಯಾವುದೆಂದು ತಿಳಿಸಿದಳು. ಐದೂ ಪ್ರಶ್ನೆ ಮುಗಿದ ಮೇಲೆ ಎದುರಿಗಿದ್ದವರನ್ನು ಒಂದು ಮಾತು ಕೇಳಬೇಕಂತೆ: ನಾನು ಕೇಳದೇ ಬಿಟ್ಟದ್ದು ಏನಾದರೂ ಇದೆಯೇ? ಒಂದು ತಾಟು ಜಿಲೇಬಿಗೆ ನಾನು ಕಳೆದುಕೊಂಡದ್ದು ಇದು.

ತಿಂಗಳ ನಂತರ ತರಬೇತಿಯವರಿಂದ ಒಂದು ನಮೂನೆ ಬಂತು, ತುಂಬಿ ಕಳಿಸಬೇಕು. ಶ್ರೀದೇವಿ ಪಕ್ಕದಲ್ಲಿ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಳು, ಬಳೆ ಈಗ ಮಣಿಕಟ್ಟಿನಲ್ಲೇ ನಿಲ್ಲುತ್ತಿದ್ದವು. ತರಬೇತಿಯ ನಂತರ ತಾವು ಕೈಗೊಂಡ ಯೋಜನೆ ಯಾವುದು ಎಂದಿತ್ತು. ಮಗಳಿಗೆ ಬಾಳೆಹಣ್ಣು ತಿನ್ನಿಸುವುದು ಎಂದು ಬರೆದೆ. ಫಲಿತಾಂಶ? ಮೂರು ತಿಂದಳು, ವಾಂತಿ ಆಗಲಿಲ್ಲ ಎಂದು ಬರೆದೆ. ಕೊನೆಯಲ್ಲಿ, ಯೋಜನೆ ವಿಳಂಬವಾಗಿದ್ದಲ್ಲಿ ಕಾರಣ ವಿವರಿಸಿ ಎಂದು ನಾಲ್ಕು ಗೆರೆ ಬಿಟ್ಟಿದ್ದರು.

ನನಗೆ ಅಷ್ಟು ಜಾಗ ಬೇಕಾಗಲಿಲ್ಲ. 'ನಾನು' ಎಂದು ಬರೆದು ಸಹಿ ಹಾಕಿದೆ.